ಕಪಾಟಿನ ಸಿಲಿಂಡರ್, ತೊಟ್ಟಿಯ ಸಿಲಿಂಡರ್: ಒದ್ದೆ ಸ್ಟೋಪ್‌ನಲ್ಲಿ ಸಿಮೆಂಟ್ ಫಿಲ್ ಉದುರಿದ ಒಂದು ಪ್ರಕರಣ

ಬೆಳಗಿನ ಶಿಫ್ಟಿನವರು ರಿಮೋಟ್ ಲೋಡರನ್ನು ಸ್ಟೋಪ್ (ಗಣಿಯಲ್ಲಿ ಅದಿರು ತೆಗೆಯುವ ಭೂಗತ ಕೋಣೆ) ಒಳಗೆ ಬಿಟ್ಟಾಗ ಬಕೆಟ್ಟಿಗೆ ಬಂದದ್ದು ಅದಿರಲ್ಲ, ಪಕ್ಕದ ಖಾಲಿ ಸ್ಟೋಪ್‌ಗೆ ತುಂಬಿದ್ದ ಸಿಮೆಂಟ್ ಫಿಲ್‌ನ ಬೂದು ಬಣ್ಣದ ಹೆಂಟೆಗಳು. ಅವುಗಳಲ್ಲಿ ಒಂದನ್ನು ಯಾರೋ ಮೇಲಕ್ಕೆ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ನೋಡಲು ಗಟ್ಟಿಯಾಗೇ ಇತ್ತು. ಎರಡು ಬೆರಳಿನಲ್ಲಿ ಹಿಸುಕಿದೆ. ಹಳೆಯ ರವೆ ಉಂಡೆಯ ಹಾಗೆ ಪುಡಿಪುಡಿಯಾಗಿ ಉದುರಿತು, ಒಳಗೆ ಇನ್ನೂ ತೇವ. ಆ ಪಕ್ಕದ ಸ್ಟೋಪ್ ತುಂಬಿದಾಗಿನ ಪ್ರಯೋಗಾಲಯದ ವರದಿಯನ್ನು ಕಡತದಿಂದ ತೆಗೆದು ನೋಡಿದೆ. 28 ದಿನದ ಬಲ: 800 ಕಿಲೋಪ್ಯಾಸ್ಕಲ್. ಆ ಬಲದ ವಸ್ತುವನ್ನು ಬೆರಳಿನಲ್ಲಿ ಪುಡಿ ಮಾಡಲಾಗದು. ವರದಿ ಮತ್ತು ಹೆಂಟೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು.

ಗಣಿಯ ಹೆಸರು, ಊರು, ರಾಜ್ಯ, ಅದಿರಿನ ಜಾತಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅಳತೆಗಳನ್ನು ದುಂಡು ಮಾಡಿದ್ದೇನೆ. ಯಾರಿಗೂ ಗಾಯವಾಗಲಿಲ್ಲ; ತೆರೆದ ಸ್ಟೋಪ್ ಒಳಗೆ ಮನುಷ್ಯರು ಕಾಲಿಡುವುದಿಲ್ಲ, ಯಂತ್ರವನ್ನು ದೂರದಿಂದಲೇ ನಡೆಸುತ್ತಾರೆ. ನಷ್ಟವಾದದ್ದು ಅದಿರಿನ ಗುಣಮಟ್ಟ, ಸಿಮೆಂಟಿನ ದುಡ್ಡು, ಮತ್ತು ನನ್ನ ಮಟ್ಟಿಗೆ ಒಂದಿಷ್ಟು ಜಂಬ.

ಹಿನ್ನೆಲೆ

ಚಿನ್ನದ ಗಣಿಯ ಕೆಜಿಎಫ್‌ಗೆ ಹೋದವರು ಸೈನೈಡ್ ದಿಬ್ಬಗಳನ್ನು ನೋಡಿಯೇ ಇರುತ್ತಾರೆ. ಅದಿರನ್ನು ಹಿಟ್ಟು ಮಾಡಿ ಲೋಹ ತೆಗೆದ ಮೇಲೆ ಉಳಿಯುವ ಆ ನುಣುಪು ಮಣ್ಣಿಗೆ ಟೇಲಿಂಗ್ಸ್ ಎನ್ನುತ್ತಾರೆ. ಅದನ್ನು ನೆಲದ ಮೇಲೆ ರಾಶಿ ಹಾಕುವ ಬದಲು, ಅದಿರು ತೆಗೆದು ಖಾಲಿಯಾದ ಭೂಗತ ಕೋಣೆಗೇ ಮರಳಿ ತುಂಬುವುದು ಬ್ಯಾಕ್‌ಫಿಲ್. ನೀರನ್ನು ಸಾಕಷ್ಟು ಬಸಿದು, ಸ್ವಲ್ಪ ಸಿಮೆಂಟ್ ಬೆರೆಸಿ, ಗಟ್ಟಿ ಮೊಸರಿನ ಹದಕ್ಕೆ ತಂದು ಪೈಪಿನಲ್ಲಿ ಇಳಿಸಿದರೆ ಅದು ಪೇಸ್ಟ್ ಫಿಲ್. 1970ರ ದಶಕದ ಕೊನೆಯಲ್ಲಿ ಜರ್ಮನಿಯ ಬಾಡ್ ಗ್ರುಂಡ್ ಗಣಿಯಲ್ಲಿ ಶುರುವಾದ ಈ ಪದ್ಧತಿ ಈಗ ನಮ್ಮ ದೇಶದ ಲೋಹದ ಗಣಿಗಳಿಗೂ ಬಂದಿದೆ.

ನಾನಿದ್ದ ಗಣಿಯಲ್ಲಿ ಸ್ಟೋಪ್‌ಗಳನ್ನು ಒಂದು ಬಿಟ್ಟು ಒಂದರಂತೆ ಮೊದಲು ತೆಗೆದು ಫಿಲ್ ತುಂಬುತ್ತಿದ್ದರು. ಅದು ಗಟ್ಟಿಯಾದ ಮೇಲೆ ನಡುವೆ ಉಳಿದ ಸ್ಟೋಪ್ ತೆಗೆಯುವುದು. ಆಗ ಪಕ್ಕದ ಫಿಲ್‌ನ ಒಂದು ಮುಖ ಆಸರೆಯಿಲ್ಲದೆ ಗೋಡೆಯಂತೆ ನಿಲ್ಲಬೇಕು. ನಮ್ಮಲ್ಲಿ ಆ ಮುಖದ ಎತ್ತರ 25 ಮೀಟರ್, ಅಗಲ 12 ಮೀಟರ್. ಇದಕ್ಕೆ ಎಷ್ಟು ಬಲ ಬೇಕೆಂದು ಲೆಕ್ಕ ಹಾಕಲು ಮಿಚೆಲ್ ಮತ್ತು ಸಂಗಡಿಗರು 1982ರಲ್ಲಿ ಕೊಟ್ಟ ಸೂತ್ರವನ್ನು ಎಲ್ಲರೂ ಬಳಸುತ್ತಾರೆ: ಫಿಲ್‌ನ ಘನತೂಕವನ್ನು ಎತ್ತರದಿಂದ ಗುಣಿಸಿ, ಬಂದದ್ದನ್ನು, ಎತ್ತರವನ್ನು ಅಗಲದಿಂದ ಭಾಗಿಸಿ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸುವುದು. ಘನ ಮೀಟರಿಗೆ 20 ಕಿಲೋನ್ಯೂಟನ್ ಎಂದು ಹಿಡಿದರೆ ಸುಮಾರು 160 ಕಿಲೋಪ್ಯಾಸ್ಕಲ್ ಬರುತ್ತದೆ. ಸುರಕ್ಷತೆಗೆ ಎರಡರಷ್ಟು ಮಾಡಿ, ಮೇಲೆ ಇನ್ನೊಂದಿಷ್ಟು ಸೇರಿಸಿ, ಗಣಿಯವರು 28 ದಿನಕ್ಕೆ 500 ಎಂದು ಗುರಿ ಇಟ್ಟಿದ್ದರು. ಮನೆ ಕಟ್ಟುವ ಎಂ20 ಕಾಂಕ್ರೀಟಿಗೆ ಹೋಲಿಸಿದರೆ ಇದು ನಲವತ್ತರಲ್ಲಿ ಒಂದು ಪಾಲು. ಕಾಂಕ್ರೀಟ್ ಕ್ಯೂಬ್ ಒಡೆಯುವ ದೊಡ್ಡ ಯಂತ್ರದಲ್ಲಿ ಇದನ್ನಿಟ್ಟರೆ ಮುಳ್ಳು ಅಲ್ಲಾಡುವ ಮೊದಲೇ ಮಾದರಿ ಕುಸಿದಿರುತ್ತದೆ. ಮಣ್ಣು ಪರೀಕ್ಷೆಯ ಸಣ್ಣ ಯಂತ್ರವೇ ಬೇಕು.

ಮಿಶ್ರಣ ಹೀಗಿತ್ತು: ತೂಕದಲ್ಲಿ ಶೇ 76 ಘನ, ಉಳಿದದ್ದು ನೀರು. ಆ ಘನದಲ್ಲಿ ಶೇ 5 ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್. ಅಂದರೆ ಒಂದು ಕಿಲೋ ಸಿಮೆಂಟಿಗೆ ಆರು ಲೀಟರಿಗಿಂತ ಹೆಚ್ಚು ನೀರು. ಮನೆಯ ಕಾಂಕ್ರೀಟಿಗೆ ಅರ್ಧ ಲೀಟರ್ ಸಾಕು. ಈ ಒಂದು ಅಂಕಿ ನೆನಪಿರಲಿ, ಮುಂದೆ ನಾನು ಜಾರಿ ಬಿದ್ದದ್ದು ಇದನ್ನು ಮರೆತೇ.

ಸಮಸ್ಯೆ ಮತ್ತು ಮೊದಲ ಮದ್ದು

ಉದುರಿದ ಮೊದಲ ಸ್ಟೋಪನ್ನು ‘ಅ’ ಎನ್ನೋಣ. ತುಂಬಿ ನಾಲ್ಕು ತಿಂಗಳಾದ ಮೇಲೆ ಅದರ ಮುಖ ತೆರೆಯಿತು. ಮೇಲಿನ ಮುಕ್ಕಾಲು ಭಾಗ ಕತ್ತರಿಸಿದ ಮೈಸೂರು ಪಾಕಿನ ಹಾಗೆ ನೆಟ್ಟಗೆ ನಿಂತಿತ್ತು. ಕೆಳಗಿನ ಐದಾರು ಮೀಟರ್ ಮಾತ್ರ ಹಲಗೆ ಹಲಗೆಯಾಗಿ ಕಳಚಿ ಅದಿರಿನ ಮೇಲೆ ಬಿತ್ತು. ಹಾಗೆ ಬಿದ್ದದ್ದೆಲ್ಲ ಅದಿರಿನ ಜೊತೆ ಮಿಲ್ಲಿಗೆ ಹೋಗುತ್ತದೆ. ಲೋಹವಿಲ್ಲದ ಮಣ್ಣನ್ನು ಎರಡನೇ ಸಲ ಅರೆಯುವ ಖರ್ಚಲ್ಲದೆ, ಸಿಮೆಂಟ್ ಬೆರೆತ ಕಾರಣ, ಲೋಹದ ಕಣಗಳನ್ನು ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ಫ್ಲೋಟೇಶನ್ ತೊಟ್ಟಿಯ ಹದವೂ ಕೆಡುತ್ತದೆ.

ಅಂದಿನ ಸಭೆ ಹದಿನೈದು ನಿಮಿಷವೂ ನಡೆಯಲಿಲ್ಲ. ಫಿಲ್ ಬಿತ್ತು, ಅಂದರೆ ಸಿಮೆಂಟ್ ಕಡಿಮೆ. ಮುಂದಿನ ಸ್ಟೋಪ್‌ಗೆ ಶೇ 7 ಹಾಕಿ. ಆ ‘ಆ’ ಸ್ಟೋಪ್ ತುಂಬುವ ಕೆಲಸ ಆಗಲೇ ಶುರುವಾಗುವುದಿತ್ತು, ಹಾಕಿದರು. ನಾನೂ ಎದುರಾಡಲಿಲ್ಲ. ಬ್ಯಾಕ್‌ಫಿಲ್‌ನಲ್ಲಿ ಟೇಲಿಂಗ್ಸ್ ಪುಕ್ಕಟೆ, ಸಿಮೆಂಟೇ ದುಬಾರಿ. ಶೇಕಡಾ ಎರಡು ಏರಿಸುವುದೆಂದರೆ ತಿಂಗಳ ಬಿಲ್ಲು ನೋಡಿದವರಿಗೇ ಗೊತ್ತು. ಆದರೆ ಸ್ಟೋಪ್‌ನ ಕೆಲಸವೇ ನಿಂತು ಹೋದರೆ ಆಗುವ ನಷ್ಟದ ಎದುರು ಅದು ಏನೂ ಅಲ್ಲ ಎಂಬ ವಾದಕ್ಕೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ನನಗೆ ಕೊಟ್ಟ ಕೆಲಸ, 800 ಎಂದು ಬರೆದ ವರದಿ ಹೇಗೆ ತಪ್ಪಿತೆಂದು ಹುಡುಕುವುದು.

ಕಪಾಟು

ಪ್ರಯೋಗಾಲಯಕ್ಕೆ ಹೋದೆ. ಪೇಸ್ಟ್ ಪ್ಲಾಂಟಿನಿಂದ ಬಕೆಟ್ಟಿನಲ್ಲಿ ತಂದ ಪೇಸ್ಟನ್ನು 100 ಮಿಲಿಮೀಟರ್ ವ್ಯಾಸದ, ಅದರ ಎರಡರಷ್ಟು ಎತ್ತರದ ಪ್ಲಾಸ್ಟಿಕ್ ಅಚ್ಚುಗಳಿಗೆ ತುಂಬುತ್ತಿದ್ದರು. ಒಂದು ವಾರಕ್ಕೆ ಅಚ್ಚು ಬಿಚ್ಚಿ, ದಿನಾಂಕ ಬರೆದು, ಕಬ್ಬಿಣದ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಕಪಾಟಿಗೆ ಬಾಗಿಲಿರಲಿಲ್ಲ. ಮೇಲೆ ಫ್ಯಾನ್ ತಿರುಗುತ್ತಿತ್ತು. ಹೊರಗೆ ಏಪ್ರಿಲ್ ಬಿಸಿಲು.

ಒಂದು ಸಿಲಿಂಡರ್ ಎತ್ತಿ ತಕ್ಕಡಿಯ ಮೇಲಿಟ್ಟೆ. ಅಚ್ಚಿನಿಂದ ತೆಗೆದ ದಿನ ಮೂರು ಕಿಲೋ ಚಿಲ್ಲರೆ ಇದ್ದದ್ದು ಎರಡೂವರೆಗೆ ಇಳಿದಿತ್ತು. ಅದರೊಳಗಿದ್ದ ಒಟ್ಟು ನೀರೇ ಮುಕ್ಕಾಲು ಕಿಲೋ. ಅದರಲ್ಲಿ ಅರ್ಧ ಕಿಲೋ ಗಾಳಿಗೆ ಹೋಗಿತ್ತು. ಬೆರಳಲ್ಲಿ ತಟ್ಟಿದರೆ ಮಡಕೆಯ ಹಾಗೆ ಟಣ್ ಎನ್ನುತ್ತಿತ್ತು.

ನಾನು ಗಣಿಗೆ ಬರುವ ಮೊದಲು ಎಂಟು ವರ್ಷ ಕಾಂಕ್ರೀಟಿನವನು. ಕ್ಯೂರಿಂಗ್ ಎಂದರೆ ನೀರು ಹೊಡೆಯುವುದು ಎಂದು ಕಲಿತು ಬಂದವನು: ಪಿಲ್ಲರಿಗೆ ಗೋಣಿಚೀಲ ಸುತ್ತು, ಮೋಲ್ಡಿಗೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸು, ಕ್ಯೂಬನ್ನು ಕಾಂಕ್ರೀಟ್ ಪರೀಕ್ಷೆಯ ಮಾನದಂಡ ಐಎಸ್ 516 ಹೇಳಿದ ಹಾಗೆ 27 ಡಿಗ್ರಿ ನೀರಲ್ಲಿ ಮುಳುಗಿಸಿಡು. ಫ್ಯಾನಿನ ಕೆಳಗೆ ಒಣಗುತ್ತಿದ್ದ ಆ ಸಾಲು ನೋಡಿ ಮೈಯೆಲ್ಲ ಉರಿಯಿತು. ‘ಇದಕ್ಕೆ ಕ್ಯೂರಿಂಗೇ ಆಗಿಲ್ಲವಲ್ಲ’ ಎಂದು ಪ್ರಯೋಗಾಲಯದ ಹಿರಿಯರ ಮುಂದೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು, ‘ಹತ್ತು ವರ್ಷದಿಂದ ಹೀಗೇ ಮಾಡ್ತಾ ಇದೀವಿ ಸರ್, ರಿಸಲ್ಟ್ ಒಳ್ಳೇದೇ ಬರ್ತಿದೆ’ ಎಂದರು. ಒಳ್ಳೆಯ ರಿಸಲ್ಟೇ ಸಮಸ್ಯೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ತೊಟ್ಟಿ

ಒಂದು ಪ್ಲಾಸ್ಟಿಕ್ ತೊಟ್ಟಿ ತರಿಸಿ ನಲ್ಲಿ ನೀರು ತುಂಬಿಸಿದೆ. ಅದೇ ಶೇ 5ರ ಪೇಸ್ಟಿನಿಂದ ಸಿಲಿಂಡರ್ ಹಾಕಿಸಿ, ಮೂರನೇ ದಿನ ಅಚ್ಚು ಬಿಚ್ಚಿ ಮುಳುಗಿಸಿದೆವು. ಮಾರನೆಯ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ತೆಳುವಾಗಿ ಕೆಸರು ಕೂತಿತ್ತು. ಸಿಲಿಂಡರುಗಳ ಅಂಚು ಸವೆದು ದುಂಡಗಾಗಿತ್ತು. ವಾರ ಕಳೆಯುವಷ್ಟರಲ್ಲಿ ನೀರಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಸುಣ್ಣ ಕರಗಿ ಹೊರಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಕಟ್ಟಿದ ಕೆನೆ ಅದು. ಅದನ್ನು ನೋಡಿಯೂ ನಾನು ನಿಲ್ಲಲಿಲ್ಲ. 28ನೇ ದಿನ ಒಡೆದರೆ ಸರಾಸರಿ 300ರ ಆಸುಪಾಸು.

ಕಪಾಟಿನದು 800, ತೊಟ್ಟಿಯದು 300. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಾನು ಕೋಣದ ಪಕ್ಷ. ಸ್ಟೋಪ್ ಒದ್ದೆ, ತೊಟ್ಟಿಯೂ ಒದ್ದೆ, ಆದ್ದರಿಂದ ತೊಟ್ಟಿಯ ಅಂಕಿಯೇ ನಿಜ ಎಂದು ವರದಿ ಬರೆದೆ. ಆ ವರದಿ ನೋಡಿದ ಆಡಳಿತದವರು ಮುಂದಿನ ‘ಇ’ ಸ್ಟೋಪ್‌ಗೆ ಶೇ 9 ಸಿಮೆಂಟ್ ಹಾಕಲು ಹೊರಟರು. ಶೇ 9 ಎಂದರೆ ಆ ಗಣಿಯ ಅರ್ಥಶಾಸ್ತ್ರವೇ ತಲೆಕೆಳಗು.

ಈ ಹಂತದಲ್ಲಿ ದಾರಿ ತಿರುಗಿಸಿದ್ದು ಫಿಲ್ ತಂಡದ ಫೋರ್‌ಮನ್. ಲಿಂಗಸುಗೂರು ಕಡೆಯವರು, ಅಷ್ಟು ದೂರದ ಗಣಿಯಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಪ್ರಯೋಗಾಲಯಕ್ಕೆ ಬಂದು ತೊಟ್ಟಿಯನ್ನು ನೋಡಿದರು, ಕಪಾಟನ್ನು ನೋಡಿದರು.

‘ಸರ, ಒಂದು ಮ್ಯಾಲ ಫ್ಯಾನಿನ ಕೆಳಗ ಕುಂತದ. ಇನ್ನೊಂದು ನೀರಾಗ ಈಜಾಕ ಹತ್ತೇದ. ನಮ್ಮ ಫಿಲ್ ಎರಡೂ ಮಾಡಂಗಿಲ್ರಿ. ಅದು ಅಲ್ಲೇ ಕೆಳಗ, ತನ್ನ ನೀರಾಗ ತಾ ಕುಂತದ.’

ತನ್ನ ನೀರಾಗ ತಾ ಕುಂತದ. ಅಂದು ರಾತ್ರಿಯೆಲ್ಲ ಆ ಮಾತು ತಲೆಯಲ್ಲಿತ್ತು.

ಒಂದು ರಾತ್ರಿಯ ಪ್ರಯೋಗ

ಕಾಂಕ್ರೀಟಿಗೆ ನೀರು ಏಕೆ ಹೊಡೆಯುತ್ತೇವೆ? ಅದರಲ್ಲಿ ನೀರು ಕಡಿಮೆ. ಒಣಗಿದರೆ ಸಿಮೆಂಟಿನ ರಾಸಾಯನಿಕ ಕ್ರಿಯೆಗೇ ನೀರು ಸಾಲದು. ಪೇಸ್ಟ್ ಫಿಲ್‌ನಲ್ಲಿ ಒಂದು ಕಿಲೋ ಸಿಮೆಂಟಿಗೆ ಆರು ಲೀಟರ್ ನೀರಿದೆ. ಅದಕ್ಕೆ ಬೇಕಾದದ್ದಕ್ಕಿಂತ ಹಲವು ಪಟ್ಟು ನೀರನ್ನು ಹೊಟ್ಟೆಯಲ್ಲೇ ಹೊತ್ತುಕೊಂಡಿರುತ್ತದೆ. ಹೊರಗಿಂದ ಕೊಡುವ ನೀರಿನಿಂದ ಅದಕ್ಕೆ ಲಾಭವಿಲ್ಲ. ಇರುವ ನೀರು ಆರಿ ಹೋಗದಿದ್ದರೆ ಸಾಕು. ಹೊರಗಿನ ಹೊಸ ನೀರು ಒಳಗಿನ ಸುಣ್ಣವನ್ನು ಕರಗಿಸಿ ಒಯ್ಯುತ್ತದೆ, ಅಷ್ಟೇ. ಸುಣ್ಣ ಹೋದಂತೆ ಕಣಗಳನ್ನು ಹಿಡಿದಿಟ್ಟ ಸಿಮೆಂಟಿನ ಅಂಟೂ ಸಡಿಲವಾಗುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಸಿಲಿಂಡರನ್ನು ತೊಟ್ಟಿಯಲ್ಲಿಟ್ಟರೆ ಸವಕಳಿ ಸುತ್ತಲಿಂದಲೂ ತಿನ್ನುತ್ತದೆ. ಹನ್ನೆರಡು ಮೀಟರ್ ಅಗಲದ ಸ್ಟೋಪ್‌ನಲ್ಲಿ ಅದು ಅಂಚಿಗಷ್ಟೇ ತಟ್ಟುತ್ತದೆ.

ಹಾಗಾದರೆ ಕಪಾಟಿನಲ್ಲಿ ಒಣಗಿದ ಮಾದರಿಗೆ ನೀರು ಸಾಲದೆ ಬಲ ಕಡಿಮೆಯಾಗಬೇಕಿತ್ತಲ್ಲ, 800 ಹೇಗೆ ಬಂತು? ಉತ್ತರ ಕೆರೆಯಂಗಳದಲ್ಲಿದೆ. ಬೇಸಿಗೆಯಲ್ಲಿ ಕೆರೆ ಮಣ್ಣು ಒಣಗಿ ಕಲ್ಲಾಗುತ್ತದೆ. ಅದರಲ್ಲಿ ಸಿಮೆಂಟಿಲ್ಲ. ಸಣ್ಣ ಕಣಗಳ ನಡುವೆ ಉಳಿದ ನೀರಿನ ಪೊರೆ ಕಣಗಳನ್ನು ಒಂದಕ್ಕೊಂದು ಬಿಗಿದು ಎಳೆಯುತ್ತದೆ. ಮಣ್ಣಿನವರು ಅದನ್ನು ಹೀರುಬಲ ಎನ್ನುತ್ತಾರೆ. ಮೊದಲ ಮಳೆಗೆ ಅದೇ ಕಲ್ಲು ಮತ್ತೆ ಕೆಸರು. ನಮ್ಮ 800ರಲ್ಲಿ ಸಿಮೆಂಟ್ ಎಷ್ಟು, ಬೇಸಿಗೆ ಎಷ್ಟು?

ನೋಡಲು ಒಂದು ರಾತ್ರಿ ಸಾಕಿತ್ತು. 28 ದಿನ ತುಂಬಿದ ಕಪಾಟಿನ ಆರು ಸಿಲಿಂಡರ್ ತೆಗೆದುಕೊಂಡೆವು. ಮೂರನ್ನು ಹಾಗೇ ಇಟ್ಟೆವು, ಮೂರನ್ನು ಸಂಜೆ ನೀರಿಗೆ ಹಾಕಿ ಬೆಳಿಗ್ಗೆ ತೆಗೆದೆವು. ನೀರಿಗೆ ಹಾಕಿದ ಮೊದಲ ನಿಮಿಷಗಳಲ್ಲಿ ಅವುಗಳಿಂದ ಸುರುಸುರು ಗುಳ್ಳೆ ಎದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಬಾಯಾರಿದವನು ಕುಡಿಯುವಂತೆ. ಬೆಳಿಗ್ಗೆ ಒಡೆದಾಗ ಒಣಗಿದವು ಮತ್ತೆ 800ರ ಹತ್ತಿರ, ನೆನೆದವು 250. ತೊಟ್ಟಿಯಲ್ಲೇ ಬೆಳೆದವಕ್ಕಿಂತಲೂ ಕಡಿಮೆ, ಏಕೆಂದರೆ ಇವುಗಳಲ್ಲಿ ಸಿಮೆಂಟಿನ ಕೆಲಸ ನೀರಿಲ್ಲದೆ ಅರ್ಧಕ್ಕೇ ನಿಂತಿತ್ತು. ಒಣಗಿಸಿ ಬಂದ ಬಲವನ್ನು ಒಂದು ರಾತ್ರಿಯ ನೀರು ಕಸಿದುಕೊಂಡಿತು. ಪ್ರಯೋಗಾಲಯದ ಹಿರಿಯರು ಆ ಮೂರು ಅಂಕಿಗಳನ್ನು ಎರಡು ಸಲ ಓದಿ, ಏನೂ ಹೇಳದೆ, ಕಪಾಟು ಖಾಲಿ ಮಾಡಲು ಶುರು ಮಾಡಿದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣ.

ಮೂರನೆಯ ಕಂತನ್ನು ಅಚ್ಚು ಬಿಚ್ಚದೆ, ಮುಚ್ಚಳ ಹಾಕಿ, ಟೇಪ್ ಸುತ್ತಿ ಇಟ್ಟೆವು. ತನ್ನ ನೀರಿನಲ್ಲಿ ತಾನು ಕೂತ ಮಾದರಿ. ಅದರ 28 ದಿನದ ಬಲ 450. ಗುರಿಯಾದ 500ಕ್ಕೆ ಕಡಿಮೆ, ಆದರೆ ಸೂತ್ರ ಕೇಳುವ ಎರಡರಷ್ಟಕ್ಕಿಂತ ಚೆನ್ನಾಗಿಯೇ ಮೇಲೆ. ಶೇ 9ರ ಪ್ರಸ್ತಾವವನ್ನು ಕೈಬಿಡಲು ಇಷ್ಟು ಸಾಕಾಯಿತು. ಆದರೆ ‘ಅ’ ಸ್ಟೋಪ್‌ನ ಕೆಳಭಾಗ ಏಕೆ ಬಿತ್ತು ಎಂಬುದಕ್ಕೆ ಇದು ಉತ್ತರವಲ್ಲ. 450 ಇದ್ದಿದ್ದರೆ ನನ್ನ ಬೆರಳಿಗೆ ಆ ಹೆಂಟೆ ಪುಡಿಯಾಗುತ್ತಿರಲಿಲ್ಲ.

ಕೆಳಗಿಳಿದಾಗ ಕಂಡದ್ದು

ಅಷ್ಟರಲ್ಲಿ ಶೇ 7 ಹಾಕಿದ ‘ಆ’ ಸ್ಟೋಪ್‌ನ ಮುಖ ತೆರೆಯಿತು. ಅದರದೂ ಕೆಳಗಿನ ಭಾಗವೇ ಉದುರಿತು, ಅದೇ ರೀತಿ ಹಲಗೆ ಹಲಗೆಯಾಗಿ. ಇಡೀ ಪ್ರಕರಣದಲ್ಲಿ ಅತ್ಯಂತ ದುಬಾರಿಯ ಮತ್ತು ಅತ್ಯಂತ ಉಪಯೋಗದ ಪ್ರಯೋಗ ಅದು. ಸಿಮೆಂಟ್ ಸುಮಾರು ಒಂದೂವರೆ ಪಟ್ಟಾದರೂ ಬೀಳುವ ಜಾಗ ಬದಲಾಗಲಿಲ್ಲ ಎಂದರೆ ಕಾಯಿಲೆ ಸಿಮೆಂಟಿನ ಪ್ರಮಾಣದಲ್ಲಿಲ್ಲ.

ಸ್ಟೋಪ್ ಒಳಗೆ ಹೋಗುವಂತಿಲ್ಲ. ಆದರೆ ಅದರ ಬುಡದಲ್ಲಿ ಪಕ್ಕದ ಡ್ರೈವಿನಿಂದ (ಓಡಾಡುವ ಸುರಂಗ), ಮೇಲೆ ಭದ್ರ ಬಂಡೆಯಿರುವ ಕಡೆ, ಫಿಲ್‌ನ ಒಂದು ಮೂಲೆಯನ್ನು ಮುಟ್ಟಬಹುದಿತ್ತು. ಕೋರ್ ಡ್ರಿಲ್ ಹಾಕೋಣ ಎಂದು ಮೊದಲು ಅಂದುಕೊಂಡೆವು. ಇಷ್ಟು ಮೆತ್ತನೆಯ ವಸ್ತುವನ್ನು ಡ್ರಿಲ್ಲಿನ ನೀರೇ ತೊಳೆದುಬಿಡುತ್ತದೆ, ಗಟ್ಟಿ ತುಂಡು ಮಾತ್ರ ಕೈಗೆ ಬಂದು ಮತ್ತೊಂದು ಸುಳ್ಳು ವರದಿಯಾಗುತ್ತದೆ. ಕೈಯಲ್ಲೇ ಕೆತ್ತಿದೆವು. ಬಂಡೆಗೆ ಅಂಟಿದ ಮೊದಲ ಅರ್ಧ ಮೀಟರಿನಲ್ಲಿ ಹೆಬ್ಬೆರಳು ಸಲೀಸಾಗಿ ಇಳಿಯುತ್ತಿತ್ತು. ಉಜ್ಜಿದರೆ ಕೈಗೆ ಮರಳು, ಅಂಟೇ ಇಲ್ಲ. ಒಂದು ಮೀಟರ್ ದಾಟಿದ ಮೇಲೆ ಪಿಕಾಸಿ ಬೇಕಾಯಿತು. ಇನ್ನೊಂದು ವಿಷಯ: ಫಿಲ್‌ನಲ್ಲಿ ಒಂದರ ಮೇಲೊಂದು ತೆಳು ಪದರಗಳು, ಅವಲಕ್ಕಿ ದಪ್ಪದಿಂದ ಇಟ್ಟಿಗೆ ದಪ್ಪದವರೆಗೆ, ಮಬ್ಬು ಬಣ್ಣದ ಮೆತ್ತನೆ ಗೆರೆಗಳು. ಕಳಚಿದ ಹಲಗೆಗಳು ಬಿಟ್ಟುಕೊಂಡದ್ದು ಸರಿಯಾಗಿ ಆ ಗೆರೆಗಳಲ್ಲೇ.

‘ಈ ಗೆರೆ ಏನು?’ ಎಂದೆ.

‘ಅದು ಫ್ಲಶ್ ಸರ’ ಎಂದರು ಫೋರ್‌ಮನ್, ಇದೇನು ಕೇಳುತ್ತೀರಿ ಎಂಬ ದನಿಯಲ್ಲಿ.

ಪೇಸ್ಟ್ ಕಳಿಸುವ ಮೊದಲು ಪೈಪನ್ನು ನೀರಿನಿಂದ ಒದ್ದೆ ಮಾಡಬೇಕು. ನಿಲ್ಲಿಸಿದ ಮೇಲೆ ಪೈಪಿನಲ್ಲಿ ಪೇಸ್ಟ್ ಗಟ್ಟಿಯಾಗದಂತೆ ತೊಳೆಯಬೇಕು. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ಸ್ಟೋಪ್‌ಗೆ. ಪ್ರತಿ ಸಲ ಕೆಲವು ಘನ ಮೀಟರ್. ಕರೆಂಟ್ ಹೋದರೆ ಇನ್ನೊಂದು ಸಲ. ತುಂಬುವ ಮೊದಲ ದಿನಗಳಲ್ಲಿ ಪ್ಲಾಂಟ್ ಪದೇ ಪದೇ ನಿಲ್ಲುತ್ತಿತ್ತು, ಆದ್ದರಿಂದ ಕೆಳಗಿನ ಐದಾರು ಮೀಟರಿನಲ್ಲೇ ಈ ಪದರಗಳ ಸಂಖ್ಯೆ ಹೆಚ್ಚು. ಇನ್ನೂ ಗಟ್ಟಿಯಾಗದ ಪೇಸ್ಟಿನ ಮೇಲೆ ನೀರು ನಿಂತು ಸಿಮೆಂಟಿನ ನುಣುಪು ಹಿಟ್ಟನ್ನು ತೇಲಿಸಿ ಒಯ್ದು, ತಳದಲ್ಲಿ ಬರಿ ಮರಳು ಬಿಡುತ್ತಿತ್ತು. ಬಂಡೆಯ ಕಡೆಗೆ ಬೇರೆ, ಹಳೆಯ ಅನ್ವೇಷಣೆಯ ಬೋರ್‌ಹೋಲ್ ಒಂದರಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಫೋರ್‌ಮನ್‌ಗೆ ಅದೂ ಗೊತ್ತಿತ್ತು. ನಾವು ಯಾರೂ ಕೇಳಿರಲಿಲ್ಲ.

ನಾನು ಎರಡು ತಿಂಗಳು ‘ಒದ್ದೆ’ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ಕತೆಗಳನ್ನು ಕಲಸಿಬಿಟ್ಟಿದ್ದೆ. ಫಿಲ್ ಗಟ್ಟಿಯಾದ ಮೇಲೆ ಸುತ್ತ ನೀರಿರುವುದು ಒಂದು. ಗಟ್ಟಿಯಾಗುವ ಮೊದಲ ಗಂಟೆಗಳಲ್ಲಿ ಹೊಸ ನೀರು ನುಗ್ಗುವುದು ಇನ್ನೊಂದು. ಮೊದಲನೆಯದು ಅಂಚನ್ನು ನಿಧಾನಕ್ಕೆ ತಿನ್ನುತ್ತದೆ. ಎರಡನೆಯದು ಸಿಮೆಂಟನ್ನೇ ಒಯ್ಯುತ್ತದೆ. ಶೇ 5 ಇದ್ದರೂ, 7 ಇದ್ದರೂ.

ಮಾಡಿದ ಬದಲಾವಣೆ

ಸ್ಟೋಪ್‌ನ ಬಾಯಿಗೆ ಮುಂಚೆ ಪೈಪಿಗೆ ಒಂದು ಕವಲು ಕೂರಿಸಿ, ಫ್ಲಶ್ ನೀರು ಸ್ಟೋಪ್‌ಗೆ ಹೋಗದೆ ಚರಂಡಿಗೆ ಹೋಗುವಂತೆ ಮಾಡಿದೆವು. ಖರ್ಚು ಒಂದು ವಾಲ್ವ್, ಒಂದಿಷ್ಟು ಪೈಪು, ಮತ್ತು ಅದನ್ನು ತಿರುಗಿಸಲು ಒಬ್ಬ ಮನುಷ್ಯ. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲಸ ಇದೇ ಎಂದು ನನ್ನ ಅಂದಾಜು. ಬೋರ್‌ಹೋಲನ್ನು ಗ್ರೌಟ್ ಮಾಡಿ ಮುಚ್ಚಿದರು. ಮುಚ್ಚಲಾಗದ ಜಿನುಗಿಗೆ, ತುಂಬುವ ಮೊದಲೇ ಬಂಡೆಗೆ ಒತ್ತಿ ತೂತಿನ ಪೈಪ್ ಹಾಕಿ, ಜಾಲರಿ ಬಟ್ಟೆ ಸುತ್ತಿ, ಸ್ಟೋಪ್‌ನ ಬುಡದಲ್ಲಿ ಫಿಲ್ ತಡೆಯುವ ಗೋಡೆಯಾದ ಬ್ಯಾರಿಕೇಡಿನಾಚೆ ನೀರು ಹೊರಬರುವಂತೆ ಮಾಡಿದೆವು. ಮೊದಲ ಆರು ಮೀಟರಿಗೆ ಮಾತ್ರ ಶೇ 7 ಸಿಮೆಂಟ್, ಅದು ಸೆಟ್ ಆಗಲು ಕೆಲವು ದಿನ ಬಿಡುವು, ಆಮೇಲೆ ಮೇಲಿನದೆಲ್ಲ ಶೇ 5.

ಸಿಮೆಂಟಿನ ಜಾತಿ ಬದಲಿಸಿದ್ದು ಬೇರೆ ಕಾರಣಕ್ಕೆ. ನಮ್ಮ ಟೇಲಿಂಗ್ಸ್‌ನಲ್ಲಿ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಇತ್ತು, ಗಣಿಯ ನೀರಿನಲ್ಲಿ ಸಲ್ಫೇಟ್. ಸಿಲಿಂಡರುಗಳ ಒಂದು ಕಂತನ್ನು ನಲ್ಲಿ ನೀರಿನ ಬದಲು ಗಣಿಯ ನೀರು ಸೇರುವ ಸಂಪಿನ ನೀರಿನಲ್ಲಿ ಇಟ್ಟಿದ್ದೆವು. 28 ದಿನಕ್ಕೆ ಅವು ನಲ್ಲಿ ನೀರಿನವಕ್ಕಿಂತ ಕೊಂಚ ಗಟ್ಟಿಯಾಗಿಯೇ ಬಂದವು, ಖುಷಿಪಟ್ಟೆವು. 90ನೇ ದಿನ ಮೈಮೇಲೆ ಕೂದಲೆಳೆಯ ಬಿರುಕು, ಬಲ ಇಳಿಮುಖ. ಸಲ್ಫೇಟ್ ಮೊದಲು ಸಿಮೆಂಟಿನ ಸುಣ್ಣದ ಜೊತೆ ಜಿಪ್ಸಮ್ ಕಟ್ಟಿ, ಅಲ್ಯುಮಿನೇಟ್ ಜೊತೆ ಎಟ್ರಿಂಜೈಟ್ ಎಂಬ ಸೂಜಿ ಹರಳು ಬೆಳೆಸಿ, ಖಾಲಿ ರಂಧ್ರಗಳನ್ನು ತುಂಬುತ್ತದೆ. ಆಗ ಬಲ ಏರಿದಂತೆ ಕಾಣುತ್ತದೆ. ಜಾಗ ಮುಗಿದ ಮೇಲೂ ಹರಳು ಬೆಳೆಯುತ್ತಲೇ ಹೋದರೆ ಒಳಗಿಂದ ಸೀಳುತ್ತದೆ. 28 ದಿನಕ್ಕೆ ಪರೀಕ್ಷೆ ನಿಲ್ಲಿಸುವವರಿಗೆ ಇದು ಕಾಣುವುದೇ ಇಲ್ಲ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆತ ಸಿಮೆಂಟಿನಲ್ಲಿ ಬಿಡಿ ಸುಣ್ಣ ಕಡಿಮೆ, ಆದ್ದರಿಂದ ಈ ಕಾಟವೂ ಕಡಿಮೆ. ನಮ್ಮ ಸ್ಲ್ಯಾಗ್ ಕಂತು 90 ದಿನದಲ್ಲೂ ಏರುತ್ತಲೇ ಇತ್ತು. ಆದರೆ ಅದು ಶುರುವಿನಲ್ಲಿ ನಿಧಾನ. ಮುಖ ತೆರೆಯುವ ಮೊದಲು ಕಾಯುವ ದಿನಗಳನ್ನು ಯೋಜನೆಯಲ್ಲಿ ಹೆಚ್ಚಿಸಬೇಕಾಯಿತು. ಉತ್ಪಾದನೆಯವರು ಇದಕ್ಕೆ ಒಪ್ಪಿದ್ದು ಕುಸ್ತಿಯ ಮೇಲೆಯೇ.

ಒದ್ದೆಯ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನೀರೆಂದರೆ ಶತ್ರು ಎಂದು ಓದುಗರು ಎದ್ದುಹೋದಾರು. ಕಪಾಟಿನಲ್ಲಿ ಮೂರು ತಿಂಗಳು ಮರೆತುಹೋಗಿದ್ದ ಒಂದೆರಡು ಸಿಲಿಂಡರುಗಳ ಮೈಮೇಲೆ ತುಕ್ಕಿನ ಬಣ್ಣದ ಕಲೆ ಎದ್ದು, ಸಿಪ್ಪೆ ಏಳುತ್ತಿತ್ತು. ಟೇಪ್ ಸುತ್ತಿದವು ಅದೇ ವಯಸ್ಸಿಗೆ ಬೂದು ಬಣ್ಣದಲ್ಲೇ ಇದ್ದವು. ಗಾಳಿಗೆ ತೆರೆದು ಒಣಗಿದ ಫಿಲ್ ಮುಖದಲ್ಲೂ ಅದೇ ತುಕ್ಕು ಕಾಣಿಸಿತು. ಆಮ್ಲಜನಕ ನೀರಿನಲ್ಲಿ ನುಸುಳುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ರಂಧ್ರಗಳು ನೀರಿನಿಂದ ತುಂಬಿರುವ ತನಕ ಪೈರೈಟ್ ನಿದ್ದೆಯಲ್ಲಿರುತ್ತದೆ. ಒಣಗಿದರೆ ಎದ್ದು ಆಮ್ಲ ಮಾಡುತ್ತದೆ, ಸಲ್ಫೇಟ್ ಮಾಡುತ್ತದೆ. ಪೈರೈಟ್ ಇರುವ ಫಿಲ್ ಒದ್ದೆಯಾಗಿಯೇ ಇರಬೇಕು. ಅದರ ನೀರು ಬದಲಾಗುತ್ತಿರಬಾರದು, ಹರಿಯುತ್ತಿರಬಾರದು, ಅಷ್ಟೇ.

ಪ್ರಯೋಗಾಲಯದಲ್ಲಿ ಈಗ ಪ್ರತಿ ಕಂತೂ ಮೂರು ಭಾಗ. ಹೆಚ್ಚಿನವು ಟೇಪ್ ಸುತ್ತಿದ ಅಚ್ಚಿನಲ್ಲಿ, ಸ್ಟೋಪ್‌ನ ಬಿಸಿಗೆ ಹೊಂದಿಸಿದ ಪೆಟ್ಟಿಗೆಯಲ್ಲಿ. ವಿನ್ಯಾಸಕ್ಕೆ ಈ ಅಂಕಿಯೇ ಆಧಾರ. ಕೆಲವು ಸಂಪಿನ ನೀರಿನಲ್ಲಿ, ಅಂಚಿನ ಗತಿ ಏನಾದೀತೆಂದು ತಿಳಿಯಲು. ಇನ್ನು ಕೆಲವನ್ನು ತೂತಿನ ಬುಟ್ಟಿಯಲ್ಲಿ ಕೆಳಗೇ ಬಿಟ್ಟಿದ್ದೇವೆ. ಒಡೆಯುವ ಮೊದಲು ಪ್ರತಿಯೊಂದನ್ನೂ ತೂಗಬೇಕು. ತೂಕ ಇಳಿದಿದ್ದರೆ ಆ ಫಲಿತಾಂಶ ಲೆಕ್ಕಕ್ಕಿಲ್ಲ. ಕಪಾಟಿನಲ್ಲಿ ಈಗ ಹೆಲ್ಮೆಟ್ಟುಗಳಿವೆ.

ಆಮೇಲೆ

‘ಇ’ ಸ್ಟೋಪ್‌ನ ಮುಖ ತೆರೆದ ದಿನ ಫೋರ್‌ಮನ್ ಮತ್ತು ನಾನು ಮಾನಿಟರಿನ ಮುಂದೆ ಕೂತಿದ್ದೆವು. ಬುಡದಲ್ಲಿ ಒಂದೆರಡು ಕಡೆ ಬಂಡೆಯ ಅಂಚಿನ ಸಿಪ್ಪೆ ಬಿತ್ತು, ಹಲಗೆಗಳು ಬೀಳಲಿಲ್ಲ. ಅದರ ಮುಂದಿನದೂ ಹಾಗೇ ನಿಂತಿತು. ಮೂರನೆಯದು ಮತ್ತೆ ಉದುರಿತು, ಒಂದೇ ಮೂಲೆಯಲ್ಲಿ, ಹಳೆಯದಕ್ಕಿಂತ ಕಡಿಮೆ, ಆದರೂ ಉದುರಿತು.

ಸಿಮೆಂಟ್ ಲೆಕ್ಕ ಸರಿಯಿತ್ತು, ಫ್ಲಶ್ ದಾಖಲೆ ಸರಿಯಿತ್ತು, ಟೇಪ್ ಸುತ್ತಿದ ಸಿಲಿಂಡರುಗಳ ಬಲವೂ ಗುರಿಯ ಮೇಲಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಫೋರ್‌ಮನ್ ಬ್ಯಾರಿಕೇಡಿನ ಹತ್ತಿರ ನೀರು ಬಸಿಯುವ ಪೈಪಿನ ಬಾಯಿಗೆ ಕಂಬಿ ತುರುಕಿ ಎಳೆದರು. ಬಂದದ್ದು ಒಂದು ಹಳೆಯ ರಬ್ಬರ್ ಕೈಗವಸು, ಐದೂ ಬೆರಳಲ್ಲಿ ಪೇಸ್ಟ್ ಕಲ್ಲಾಗಿ ತುಂಬಿಕೊಂಡಿತ್ತು. ಹಿಂದೆಯೇ ತಿಂಗಳುಗಟ್ಟಲೆ ನಿಂತ ನೀರು ಸುರಿಯಿತು.

ಅದರ ಮಾರನೆಯ ದಿನದಿಂದ ಫಿಲ್ ಶುರುವಾಗುವ ಮೊದಲು ತುಂಬಬೇಕಾದ ಹಾಳೆಗೆ ಒಂದು ಸಾಲು ಸೇರಿತು: ಬಸಿ ಪೈಪಿನ ಈ ತುದಿಯಿಂದ ನೀರು ಸುರಿ, ಆ ತುದಿಯಲ್ಲಿ ಬಂತೇ ನೋಡು, ನೋಡಿದವನು ಸಹಿ ಹಾಕು. ಕೈಗವಸನ್ನು ಫೋರ್‌ಮನ್ ಎಸೆಯಲು ಬಿಡಲಿಲ್ಲ. ಅದು ಪ್ರಯೋಗಾಲಯದ ಹಳೆಯ ಕಪಾಟಿನಲ್ಲಿ, ಹೆಲ್ಮೆಟ್ಟುಗಳ ಪಕ್ಕ, ಐದು ಬೆರಳೂ ಮೇಲೆ ಮಾಡಿ ನಿಂತಿದೆ.